ರಿಕಂಬೆಂಟ್ ಸೈಕಲ್‌ಗೆ ಹ್ಯಾಂಡಲ್ ಹೊಂದಿಸುವ ಬಗೆ

ರಿಕಂಬೆಂಟ್ ಎಂದರೆ ಹಿಂದಕ್ಕೆ ಒರಗಿ ಕುಳಿತು, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್. ಮೊದಲೇ ಹ್ಯಾಂಡಲ್‌ಗೆ ಕೈ ಹಾಕಬೇಡಿ. ಸೀಟಿನ ಒರಗು, ಪೆಡಲ್‌ನ ದೂರ ಸರಿಯಾದ ಮೇಲೆಯೇ ಅದರ ಸರದಿ.

ಬೆನ್ನನ್ನು ಸೀಟಿಗೆ ಪೂರ್ತಿ ಒರಗಿಸಿ, ಭುಜ ಸಡಿಲಬಿಟ್ಟು ಕೈ ಚಾಚಿ. ಮೊಣಕೈ ತುಸು ಮಡಿಚಿರಬೇಕು, ಮಣಿಕಟ್ಟು ನೆಟ್ಟಗಿರಬೇಕು. ಹಿಡಿಯಲು ಭುಜ ಮುಂದೆ ಬರುತ್ತಿದ್ದರೆ ಹ್ಯಾಂಡಲ್ ದೂರವಿದೆ; ಇದರಿಂದ ಕತ್ತು ಹಿಡಿದುಕೊಳ್ಳಬಹುದು.

ಸೀಟಿಗಿಂತ ಮೇಲಿರುವ ಹ್ಯಾಂಡಲ್ ಆದರೆ ಮಂಡಿಯೇ ಮುಖ್ಯ. ಸೈಕಲ್ಲನ್ನು ಯಾರಾದರೂ ಹಿಡಿದಿರಲಿ. ನೀವು ಪೆಡಲನ್ನು ಹಿಮ್ಮುಖವಾಗಿ ನಿಧಾನಕ್ಕೆ ತಿರುಗಿಸಿ. ಮಂಡಿ ಮೇಲೆ ಬಂದಾಗ ಅದಕ್ಕೂ ಹ್ಯಾಂಡಲ್‌ಗೂ ನಡುವೆ ಎರಡು ಬೆರಳಷ್ಟಾದರೂ ಸಂದು ಬೇಕು. ಹ್ಯಾಂಡಲನ್ನು ಎರಡೂ ಕಡೆ ಹೊರಳಿಸಿ ಮತ್ತೆ ನೋಡಿ. ನೇರ ಹೋಗುವಾಗ ತಾಗದ್ದು ಬಿಗಿ ತಿರುವಿನಲ್ಲಿ ತೊಡೆಗೆ ಸಿಕ್ಕಿ ಬೀಳಿಸುವುದುಂಟು. ಹಾಗಂತ ತೀರಾ ಎತ್ತರಿಸಿದರೆ ರಸ್ತೆಯೇ ಮರೆಯಾಗುತ್ತದೆ.

ಸೀಟಿನ ಕೆಳಗಿನದಾದರೆ, ಕೈ ಸೊಂಟದ ಪಕ್ಕ ತಾನಾಗಿ ಇಳಿಬಿದ್ದಲ್ಲೇ ಹಿಡಿ ಸಿಗಬೇಕು.

ಇನ್ನು ಕೇಬಲ್. ಹ್ಯಾಂಡಲ್ ಎತ್ತರಿಸಿದರೆ ಬ್ರೇಕ್ ಕೇಬಲ್ ಸಾಲದೆ ಹೋಗಬಹುದು. ಪೂರ್ತಿ ಹೊರಳಿಸಿದಾಗ ಅದು ಬಿಗಿದು ಬ್ರೇಕ್ ಹಿಡಿದರೆ ಉದ್ದದ್ದು ಹಾಕಿಸಲೇಬೇಕು. ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ಕೊಳವೆ) ಕನಿಷ್ಠ ಎಷ್ಟು ಒಳಗಿರಬೇಕೆಂದು ತೋರಿಸುವ ಗೆರೆ ಅದರ ಮೇಲಿದ್ದರೆ, ಅದು ಹೊರಗೆ ಕಾಣುವಷ್ಟು ಎಳೆಯಲೇಬೇಡಿ. ಬೋಲ್ಟುಗಳನ್ನು ಸ್ಟೆಮ್ ಮೇಲೆ ನಮೂದಿಸಿದ ನ್ಯೂಟನ್-ಮೀಟರ್‌ನಷ್ಟೇ (ಬಿಗಿತದ ಅಳತೆ) ಬಿಗಿಯಿರಿ. ಮುಂದಿನ ಚಕ್ರವನ್ನು ಕಾಲ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಚಿ, ಜಾರಿದರೆ ಹತ್ತಬೇಡಿ.