ಕಾರ್ಯದರ್ಶಿ ಕೆಲಸಕ್ಕೆ ಇಬ್ಬರು: ನಮ್ಮ ಸಂಘದಲ್ಲಿ ಹೇಗೆ ನಡೆಯುತ್ತಿದೆ

ತೀರ್ಥಹಳ್ಳಿ, ಹೊಸನಗರ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಓದಿನ ಕೇಂದ್ರ ನಡೆಸುವ ಸಣ್ಣ ಸಂಘ ನಮ್ಮದು. ಹಳೆಯ ಕಾರ್ಯದರ್ಶಿಗಳು ವಯಸ್ಸಾಯಿತು ಅಂತ ಬಿಟ್ಟಾಗ ಎಲ್ಲರೂ ನನ್ನ ಮುಖ ನೋಡಿದರು. ಒಬ್ಬಳೇ ಆದರೆ ಬೇಡ ಅಂದೆ. ಕೊನೆಗಾರ ಬಂದು ಅಡಿಕೆ ಇಳಿಸಲು ಶುರು ಮಾಡಿದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಇಷ್ಟರಲ್ಲೇ ನನ್ನ ದಿನ ಮುಗಿಯುತ್ತದೆ, ಯಾವ ಮೀಟಿಂಗೂ ತಲೆಗೆ ಹೋಗುವುದಿಲ್ಲ. ಹೊಸನಗರದ ಗೆಳತಿಗೆ ತೋಟದ ರಗಳೆ ಇಲ್ಲ, ಆದರೆ ಮಳೆಗಾಲದಲ್ಲಿ ಅವಳ ಊರಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಇಬ್ಬರನ್ನೂ ಕೂಡಿಸಿದರೆ ಹೇಗೋ ಒಂದು ವರ್ಷ ಆಗುತ್ತದೆ.

ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘ. ಬೈಲಾದಲ್ಲಿ ಕಾರ್ಯದರ್ಶಿ ಒಬ್ಬರೇ, ಜೊತೆಗೆ ಹೆಸರಿಗೊಬ್ಬ ಸಹಕಾರ್ಯದರ್ಶಿ. ಬೈಲಾ ತಿದ್ದಲು ಹೋದರೆ ಸರ್ವ ಸದಸ್ಯರ ಸಭೆ, ನೋಂದಣಾಧಿಕಾರಿ ಕಚೇರಿ ಅಂತ ಅಲೆದಾಟ. ಅದರ ತಂಟೆಗೆ ಹೋಗಲಿಲ್ಲ. ಕಾಗದದಲ್ಲಿ ಅವಳು ಕಾರ್ಯದರ್ಶಿ, ನಾನು ಸಹಕಾರ್ಯದರ್ಶಿ. ಯಾರ ಅಧಿಕಾರ ಎಲ್ಲಿಯವರೆಗೆ ಅನ್ನುವುದನ್ನು ಮಾತ್ರ ಕಾರ್ಯಕಾರಿ ಸಮಿತಿಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕಕ್ಕೆ ಹತ್ತಿಸಿದೆವು. ಶಾಲೆ, ಶಿಕ್ಷಕಿಯರು, ಪೋಷಕರು ಅವಳಿಗೆ. ದಾನಿಗಳು, ಲೆಕ್ಕ, ಆಡಿಟ್ ನನಗೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ಮಾನ್ಯತೆ ಇರುವುದರಿಂದ ಮೇ 31ರೊಳಗೆ ದಾನಿಗಳ ಪಟ್ಟಿಯನ್ನು ಆದಾಯ ತೆರಿಗೆಯವರಿಗೆ ಆನ್‌ಲೈನ್‌ನಲ್ಲಿ ಕೊಡುವುದೂ ನನ್ನದೇ. ಕೆಲಸಕ್ಕೆ ಸೇರಿಸುವುದು, ಬಿಡಿಸುವುದು, ಹೊಸ ದಾನಿಯನ್ನು ಒಪ್ಪುವುದು ಇಬ್ಬರೂ ಹೂಂ ಅಂದ ಮೇಲೆ.

ಹುದ್ದೆ ಹಂಚುವುದು ಸುಲಭ, ಚೆಕ್‌ಬುಕ್ ಹಂಚುವುದೇ ಕಷ್ಟ. ಮೊದಲು ಖಜಾಂಚಿ ಸಹಿ ಕಡ್ಡಾಯವಿತ್ತು. ಅವರು ಮಗನ ಮನೆಗೆ ಅಂತ ಬೆಂಗಳೂರಿಗೆ ಹೋದರೆ ಶಿಕ್ಷಕಿಯರ ಸಂಬಳ ನಿಂತೇ ಬಿಡುತ್ತಿತ್ತು. ಈಗ ಖಜಾಂಚಿ, ನಾವಿಬ್ಬರು, ಈ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕು. ಬ್ಯಾಂಕಿಗೆ ನಿರ್ಣಯದ ಪ್ರತಿ, ಮೂವರ ಕೆವೈಸಿ ಕೊಡಬೇಕಾಯಿತು, ಅಷ್ಟೆ. ಈ ಒಂದು ಬದಲಾವಣೆಗೆ ಒಪ್ಪದ ಸಂಘದಲ್ಲಿ ಇಬ್ಬರು ಕಾರ್ಯದರ್ಶಿಗಳಿದ್ದರೂ ಸುಮ್ನೆ ಅನ್ನುತ್ತೇನೆ ನಾನು.

ತಲೆನೋವು ಬಂದದ್ದು ಬೇರೆ ಕಡೆಯಿಂದ. ಅವಳು ರಜೆ ಇಲ್ಲ ಅಂದರೆ ಶಿಕ್ಷಕಿಯರು ನನಗೆ ಫೋನ್ ಮಾಡುತ್ತಿದ್ದರು, 'ಅಕ್ಕ, ನೀವಾದ್ರೂ ಹೇಳಿ' ಅಂತ. ಮನೆಯಲ್ಲಿ ಮಕ್ಕಳು ಮಾಡುವುದೂ ಇದನ್ನೇ ಅಲ್ವಾ? ಮೊದಲು ಕೇಳಿಸಿಕೊಂಡವರ ಉತ್ತರವೇ ಉತ್ತರ, ಬದಲಾಗಬೇಕಿದ್ದರೆ ನಾವಿಬ್ಬರೂ ಮಾತಾಡಿ ಅವರೇ ಬದಲಿಸಬೇಕು ಅಂತ ಮಾಡಿಕೊಂಡೆವು. ಒಬ್ಬ ದಾನಿ ಟ್ಯಾಬ್ಲೆಟ್ ಕೊಡುತ್ತೇನೆ ಅಂದಾಗ ನನಗೆ ಆಸೆ ಇತ್ತು. ಚಾರ್ಜ್ ಮಾಡಲೂ ಕರೆಂಟಿಲ್ಲದ ಊರಿಗೆ ಬೇಡ, ಪುಸ್ತಕ ಕೇಳು ಅಂದಳು. ಅವಳು ಬೇಡ ಅಂದ ಮೇಲೆ ಪುಸ್ತಕಕ್ಕೇ ಕೇಳಿದೆ. ನನಗೆ ಬೇಜಾರಾಯಿತು, ನಿಜ.

ಇದರಿಂದ ಸಮಯ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಮಾತುಕತೆಗೇ ಜಾಸ್ತಿ ಹೋಗುತ್ತದೆ. ಗೌರವಧನ ಕೊಡುವುದಾದರೆ ಇಬ್ಬರಿಗೂ ಸಮನಾಗಿ ಕೊಡಿ. ಗಂಡ ಹೆಂಡತಿಯನ್ನು ಜೋಡಿ ಮಾಡಬೇಡಿ. ಇಬ್ಬರ ಅವಧಿಯೂ ಒಂದೇ ವರ್ಷ ಮುಗಿಯದ ಹಾಗೆ ಈಗಲೇ ಬರೆದಿಡಿ. ಮುಂದಿನ ಮಹಾಸಭೆಯಲ್ಲಿ ನಾನು ಇಳಿಯುತ್ತೇನೆ, ಅವಳು ಇನ್ನೊಂದು ವರ್ಷ ಇರುತ್ತಾಳೆ.