ಗುಟ್ಟಾಗಿ ಓದುವವರಿಗಾಗಿ ಪುಸ್ತಕ ಮಾಡುವುದು

ಮಡಿಕೇರಿಯಲ್ಲಿ ನನ್ನದೊಂದು ಪುಟ್ಟ ಪ್ರಕಾಶನವಿದೆ. ಮನಶ್ಶಾಸ್ತ್ರ ಮತ್ತು ಮಾನಸಿಕ ಆರೋಗ್ಯದ ಪುಸ್ತಕಗಳನ್ನು ಬಿಟ್ಟು ಬೇರೇನನ್ನೂ ನಾವು ಪ್ರಕಟಿಸುವುದಿಲ್ಲ. ಖಿನ್ನತೆ, ಆತಂಕ, ಕುಡಿತದ ಚಟ, ವಯಸ್ಸಾದವರ ಮರೆವಿನ ಕಾಯಿಲೆ, ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಪಡುವ ಪಾಡು, ಇಷ್ಟೇ ನಮ್ಮ ವ್ಯಾಪ್ತಿ. ಇಷ್ಟು ಕಿರಿದಾದ ವಿಷಯವನ್ನು ನೆಚ್ಚಿಕೊಂಡು, ಅದೂ ಬೆಂಗಳೂರಿನಿಂದ ದೂರದ ಈ ಬೆಟ್ಟದ ಮೇಲೆ, ಪ್ರಕಾಶನ ಹೇಗೆ ನಡೆಯುತ್ತದೆ ಎಂದು ಕೇಳುವವರು ಬಹಳ ಮಂದಿ. ಬೇರೆ ಜಿಲ್ಲೆಗಳಲ್ಲಿ ಇಂಥದ್ದೇ ಕೆಲಸಕ್ಕೆ ಕೈಹಾಕಲು ಹೊರಟವರೂ ಕೇಳಿದ್ದಾರೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮನಸ್ಸಿನ ಬಗ್ಗೆ ಕನ್ನಡದಲ್ಲಿ ಬರೆದವರಿಗೆ ಕೊರತೆಯಿಲ್ಲ. ಡಾ. ಎಂ. ಶಿವರಾಂ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನಸ್ಸಿನ ಕುರಿತ ಗ್ರಂಥಕ್ಕೇ. ಡಾ. ಸಿ. ಆರ್. ಚಂದ್ರಶೇಖರ್ ಅವರು ದಶಕಗಳ ಕಾಲ ಸಾಮಾನ್ಯ ಓದುಗರಿಗೆ ಅರ್ಥವಾಗುವಂತೆ ಬರೆದಿದ್ದಾರೆ. ಹಾಗಿದ್ದರೂ ನಮ್ಮ ಊರಿನಲ್ಲಿ ಅಂಥ ಪುಸ್ತಕ ಬೇಕಾದವರ ಕೈಗೆ ಅದು ತಲುಪುತ್ತಿರಲಿಲ್ಲ. ಇದು ನನಗೆ ಮನದಟ್ಟಾದದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡವರು ಪರಿಹಾರ ಕೇಂದ್ರಗಳಿಗೆ ಬಂದಿದ್ದರು. ನಿದ್ದೆ ಬಾರದವರಿಗೆ, ಮಳೆಯ ಸದ್ದು ಕೇಳಿದರೆ ಬೆಚ್ಚುವವರಿಗೆ ಕೊಡಲೆಂದು ಒಂದು ಹಾಳೆಯ ಕರಪತ್ರ ಮಾಡಿಸಿದ್ದೆವು. ಎಲ್ಲರ ಎದುರು ಕೊಟ್ಟರೆ "ನಮಗೆ ಅಂಥದ್ದೇನಿಲ್ಲ" ಎಂದು ವಾಪಸು ಮಾಡುತ್ತಿದ್ದರು. ಅದೇ ಕರಪತ್ರವನ್ನು ಕುಡಿಯುವ ನೀರಿನ ಡ್ರಮ್ಮಿನ ಪಕ್ಕದ ಬೆಂಚಿನ ಮೇಲೆ ಇಟ್ಟು ಬಂದರೆ ಸಂಜೆಯೊಳಗೆ ಖಾಲಿಯಾಗುತ್ತಿತ್ತು.

ನಮ್ಮ ಪ್ರಕಾಶನ ನಿಂತಿರುವುದು ಆ ಬೆಂಚಿನ ಮೇಲೆಯೇ. ಮನಸ್ಸಿನ ಪುಸ್ತಕ ಬೇಕಾದವರಿಗೆ ಅದನ್ನು ಕೊಳ್ಳುವುದು ಯಾರಿಗೂ ಕಾಣಬಾರದು. ಕೊಡಗು ಚಿಕ್ಕ ಜಿಲ್ಲೆ. ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತರೆ ಮೂರ್ನಾಡು ಬರುವಷ್ಟರಲ್ಲಿ ಯಾವ ಮನೆತನ, ಯಾರ ಮಗ, ಯಾರ ಅಳಿಯ ಎಂಬುದೆಲ್ಲ ತಿಳಿದುಬಿಡುತ್ತದೆ. ಇಂಥ ಕಡೆ ಒಬ್ಬರ ಗುಟ್ಟು ಕಾಯುವುದು ಸಣ್ಣ ಕೆಲಸವಲ್ಲ. ಹಸ್ತಪ್ರತಿ ತಿದ್ದುವುದರಿಂದ ಹಿಡಿದು ಅಂಚೆಗೆ ಹಾಕುವವರೆಗೆ ನಮ್ಮ ಎಲ್ಲ ತೀರ್ಮಾನಗಳೂ ಅದರಿಂದಲೇ ಹುಟ್ಟಿವೆ.

ಮೊದಲು ಹಸ್ತಪ್ರತಿಯ ಮಾತು. ನಮಗೆ ಬರೆದುಕೊಡುವವರು ಮನೋವೈದ್ಯರು, ಆಪ್ತಸಮಾಲೋಚಕರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಅವರ ಬರಹಗಳಲ್ಲಿ ಜೀವ ಇರುವುದು ರೋಗಿಗಳ ಕಥೆಗಳಲ್ಲಿ. ತೊಡಕೂ ಅಲ್ಲಿಯೇ. ಹೆಸರು ಬದಲಿಸಿದ್ದೇವೆ ಎಂದು ಅಡಿಟಿಪ್ಪಣಿ ಹಾಕಿದರೆ ಬೆಂಗಳೂರಿನಲ್ಲಿ ಸಾಕಾಗಬಹುದು, ಇಲ್ಲಿ ಸಾಲದು. "ನಾಪೋಕ್ಲು ಕಡೆಯ ನಿವೃತ್ತ ಸುಬೇದಾರರು, ಇಬ್ಬರು ಹೆಣ್ಣುಮಕ್ಕಳು, ಹಿರಿಯಳು ಕೆನಡಾದಲ್ಲಿ" ಎಂದು ಬರೆದರೆ ಹೆಸರು ಯಾರಿಗೆ ಬೇಕು? ಆದ್ದರಿಂದ ನಾವು ವೃತ್ತಿ, ಊರು, ಮಕ್ಕಳ ಸಂಖ್ಯೆ, ಬೆಳೆ, ಘಟನೆ ನಡೆದ ಕಾಲ ಎಲ್ಲವನ್ನೂ ಬದಲಿಸುತ್ತೇವೆ. ಕೆಲವು ಸಲ ಎರಡು ಕಥೆಗಳನ್ನು ಒಂದಾಗಿ ಹೆಣೆಯುತ್ತೇವೆ. ಲಕ್ಷಣ, ಕಾಯಿಲೆ ಸಾಗಿದ ಬಗೆ, ಚಿಕಿತ್ಸೆ, ಚೇತರಿಕೆಗೆ ಹಿಡಿದ ಕಾಲ ಇವುಗಳನ್ನು ಮಾತ್ರ ಮುಟ್ಟುವುದಿಲ್ಲ. ಅವನ್ನು ಬದಲಿಸಿದರೆ ಓದುಗರಿಗೆ ಸುಳ್ಳು ಹೇಳಿದಂತೆ. ಸಂಬಂಧಪಟ್ಟವರ ಲಿಖಿತ ಒಪ್ಪಿಗೆಯನ್ನು ಲೇಖಕರು ತರಲೇಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 23ನೇ ಕಲಂ ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಡುತ್ತದೆ. ಚಿಕಿತ್ಸೆಯಲ್ಲಿರುವವರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಬಾರದೆಂದು 24ನೇ ಕಲಂ ಹೇಳುತ್ತದೆ. ಇವೆರಡನ್ನೂ ಪ್ರತಿ ಲೇಖಕರಿಗೂ ಒಪ್ಪಂದದ ಜೊತೆಗೇ ಕಳುಹಿಸುತ್ತೇನೆ.

ಇಷ್ಟಾದ ಮೇಲೆ ಕೊನೆಯದೊಂದು ಪರೀಕ್ಷೆ ಇದೆ. ಕಥೆಯನ್ನು ಅದೇ ಭಾಗದ ಒಬ್ಬರಿಗೆ ಓದಿ ಹೇಳಿ, "ಇದು ಯಾರಿರಬಹುದು?" ಎಂದು ಕೇಳುತ್ತೇನೆ. ಅವರು ಯಾರದಾದರೂ ಹೆಸರು ಹೇಳಿದರೆ ಕಥೆ ಮತ್ತೆ ಲೇಖಕರ ಮೇಜಿಗೆ ಹೋಗುತ್ತದೆ. ಹೇಳಿದ ಹೆಸರು ತಪ್ಪಾಗಿದ್ದರೂ ಹೋಗುತ್ತದೆ. ತಪ್ಪು ಊಹೆಯಿಂದ ಇನ್ನೊಂದು ಮನೆಯ ಮೇಲೆ ಬೀಳುವ ಮಾತು ಸರಿಯಾದ ಊಹೆಗಿಂತ ಕಡಿಮೆ ನೋಯಿಸುವುದಿಲ್ಲ. ಪರ ಊರಿನ ಲೇಖಕರಿಗೆ ಇದು ಅತಿಯೆನಿಸುತ್ತದೆ. ಇಲ್ಲಿಯವರು ಯಾರೂ ಹಾಗೆ ಹೇಳಿಲ್ಲ.

ಆತ್ಮಹತ್ಯೆಯ ವಿಚಾರ ಬಂದಾಗ ವಿಧಾನವನ್ನು ಒಂದು ಪದದಲ್ಲಿಯೂ ಸೂಚಿಸುವುದಿಲ್ಲ. ತೋಟದ ಔಷಧಿಗಳು ಮನೆಯ ಅಟ್ಟದಲ್ಲಿಯೇ ಇರುವ ಸೀಮೆ ನಮ್ಮದು. ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆಂದು ಹೊರತಂದಿರುವ ಮಾರ್ಗಸೂಚಿ ಪುಸ್ತಕಗಳಿಗೂ ಅಷ್ಟೇ ಅನ್ವಯಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಖಪುಟದ ವಿಷಯದಲ್ಲಿ ನನಗೂ ಒಬ್ಬ ಹಿರಿಯ ಮನೋವೈದ್ಯರಿಗೂ ದೊಡ್ಡ ವಾದವೇ ನಡೆದಿತ್ತು. ತಲೆ ಹಿಡಿದು ಕುಳಿತ ಮನುಷ್ಯ, ಒಡೆದ ಕನ್ನಡಿ, ಗೋಜಲಾದ ಮಿದುಳು, ಇಂಥ ಚಿತ್ರಗಳನ್ನು ನಾನು ಹಾಕುವುದಿಲ್ಲ. ಬೆನ್ನಿನ ಮೇಲೆ, ಅಂದರೆ ಕಪಾಟಿನಲ್ಲಿಟ್ಟಾಗ ಕಾಣುವ ಕಡೆ, ಕಾಯಿಲೆಯ ಹೆಸರು ಇರುವುದಿಲ್ಲ. ಅದು ಒಳಗಿನ ಶೀರ್ಷಿಕೆ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಪ್ರಕಾಶನಕ್ಕೂ ಮನಸ್ಸಿಗೆ ಸಂಬಂಧಿಸಿದ ಹೆಸರು ಇಟ್ಟಿಲ್ಲ. "ಹೀಗೆ ಮುಚ್ಚಿಡುವುದರಿಂದ ನೀವು ಕಳಂಕವನ್ನೇ ಬೆಳೆಸುತ್ತೀರಿ" ಎಂದು ವೈದ್ಯರು ಹೇಳಿದರು. ಅವರ ಕಾಳಜಿ ನಿಜವಾದದ್ದು. ಆದರೆ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಮಂದಿಗೆ ತೊಂದರೆ ಇದ್ದದ್ದು ಕಂಡುಬಂತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರವೂ ಹೋಗಿರಲಿಲ್ಲ. ಹೋಗದಿರಲು ಕಾರಣಗಳು ಹಲವು, ನಾಲ್ಕು ಜನ ನೋಡಿಯಾರು ಎಂಬ ಅಳುಕು ಅವುಗಳಲ್ಲೊಂದು. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಸೂರು ನೋಡುತ್ತ ಮಲಗಿರುವವರಿಗೆ "ಮೊದಲು ಸಮಾಜವನ್ನು ಎದುರಿಸು, ಆಮೇಲೆ ಪುಸ್ತಕ ತೆಗೆದುಕೋ" ಎಂದು ಷರತ್ತು ಹಾಕಲು ನನಗೆ ಮನಸ್ಸಿಲ್ಲ. ಕಳಂಕದ ವಿರುದ್ಧ ಮಾತನಾಡುವ ಹೊಣೆ ಗಟ್ಟಿಯಾಗಿರುವವರದು. ಸುಸ್ತಾದವರು ಮೊದಲು ಓದಲಿ.

ಪುಸ್ತಕದ ಒಳಗಿನ ಒಂದು ಪುಟದ ಬಗ್ಗೆ ವಿವರವಾಗಿ ಹೇಳಬೇಕು. ಖಿನ್ನತೆಯ ಪುಸ್ತಕದಲ್ಲಿ ಓದುಗರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನಾವಳಿ ಇರಬೇಕೆಂದು ಲೇಖಕರು ಬಯಸಿದರು. ಮಾನಸಿಕ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಹಕ್ಕುಸ್ವಾಮ್ಯ ಇರುತ್ತದೆ. ಬೆಕ್ ಅವರ ಖಿನ್ನತಾ ಮಾಪಕವನ್ನು ಸುಮ್ಮನೆ ಅಚ್ಚು ಹಾಕುವಂತಿಲ್ಲ. ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯಾದರೋ ಯಾರ ಅನುಮತಿಯೂ ಇಲ್ಲದೆ ಬಳಸಬಹುದಾದದ್ದು. ಒಂಬತ್ತು ಪ್ರಶ್ನೆಗಳು, ಕಳೆದ ಎರಡು ವಾರಗಳ ಬಗ್ಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಮನೆಯಲ್ಲಿ ಇನ್ನೊಬ್ಬರ ಕೈಗೆ ಸಿಗುವ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕಿ ಬಿಡಲು ಯಾರಿಗೆ ಧೈರ್ಯವಿರುತ್ತದೆ? ಹಾಗಾಗಿ ಆ ಹಾಳೆಯನ್ನು ಚುಕ್ಕಿ ತೂತುಗಳ ಗೆರೆ ಕೊಟ್ಟು, ಹರಿದು ತೆಗೆಯುವಂತೆ ಮಾಡಿಸಿದೆ. ಹಾಳೆ ಹರಿದರೂ ಪುಸ್ತಕ ಕೆಡುವುದಿಲ್ಲ. ಮಡಚಿ ಜೇಬಿನಲ್ಲಿಟ್ಟುಕೊಂಡು ವೈದ್ಯರಿಗೆ ತೋರಿಸಬಹುದು. ಪ್ರೆಸ್ಸಿನವರಿಗೆ ಇದು ಹೆಚ್ಚುವರಿ ಕೆಲಸ, ನಮಗೆ ಹೆಚ್ಚುವರಿ ಖರ್ಚು. ಆದರೂ ಕೈಬಿಡಲಿಲ್ಲ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಗಳ ಬಗ್ಗೆ. ಆ ಪ್ರಶ್ನೆಯ ಕೆಳಗೇ, ಅದೇ ಗಾತ್ರದ ಅಕ್ಷರದಲ್ಲಿ, 14416 ಎಂಬ ಸಂಖ್ಯೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು. ಸಹಾಯವಾಣಿಗಳನ್ನು ಪುಸ್ತಕದ ಕೊನೆಯ ಪುಟದಲ್ಲಿ ಪಟ್ಟಿ ಮಾಡುವ ರೂಢಿಯಿದೆ. ಆ ಪ್ರಶ್ನೆಗೆ "ಹೌದು, ಹೆಚ್ಚುಕಡಿಮೆ ದಿನಾ" ಎಂದು ಗುರುತು ಹಾಕಿದವರು ಕೊನೆಯ ಪುಟದವರೆಗೆ ಹೋಗುತ್ತಾರೆಂಬ ಭರವಸೆ ನನಗಿಲ್ಲ.

ಕುಡಿತದ ಪುಸ್ತಕವನ್ನು ಕುಡಿಯುವವರಿಗಿಂತ ಹೆಚ್ಚಾಗಿ ಅವರ ಮನೆಯವರಿಗಾಗಿ ಮಾಡಿದೆವು. ಹಬ್ಬಕ್ಕೆ, ಮದುವೆಗೆ, ಸಾವಿಗೆ ಮದ್ಯ ಒದಗುವ ನಾಡಿನಲ್ಲಿ ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅಚ್ಚಿಗೆ ಕಳುಹಿಸುವ ಮುಂಚೆ ಹಸ್ತಪ್ರತಿಯ ನೆರಳಚ್ಚು ತೆಗೆದು ಸಿದ್ದಾಪುರದ ಕಡೆಯ ಒಂದು ಮಹಿಳಾ ಸ್ವಸಹಾಯ ಸಂಘದಲ್ಲಿ ಓದಿಸಿದೆ. ಮೊದಲ ಅಧ್ಯಾಯದಲ್ಲಿ ಲೇಖಕರು ಮದ್ಯದ ಚರಿತ್ರೆ ಬರೆದಿದ್ದರು, ಸೊಗಸಾಗಿಯೇ ಇತ್ತು. ಸಂಘದ ಹೆಂಗಸೊಬ್ಬರು ಎಂಬತ್ತನೆಯ ಪುಟದ ಹತ್ತಿರ ಬೆರಳಿಟ್ಟು, "ಇದು ಮೊದಲು ಬರಲಿ, ನಮಗೆ ಸಿಗುವುದು ಅನ್ನ ಬೇಯುವಷ್ಟು ಹೊತ್ತು" ಎಂದರು. ಆ ಪುಟದಲ್ಲಿ ಇದ್ದದ್ದು ಇಷ್ಟು: ವರ್ಷಗಟ್ಟಲೆ ವಿಪರೀತ ಕುಡಿದವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಾಗುವಾಗ ಕೈಕಾಲು ನಡುಗಿ, ಇಲ್ಲದ್ದು ಕಂಡು, ಹೊತ್ತುಗೊತ್ತು ತಿಳಿಯದಂತಾಗಬಹುದು. ಇದು ಪ್ರಾಣಕ್ಕೇ ಅಪಾಯ, ದೆವ್ವ ಮೆಟ್ಟಿದ್ದಲ್ಲ, ನಾಟಕವಲ್ಲ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಊಟದಲ್ಲಿ ಗುಟ್ಟಾಗಿ ಬೆರೆಸಲು ಸಿಗುವ "ಕುಡಿತ ಬಿಡಿಸುವ ಪುಡಿ"ಯನ್ನು ಕೊಡಬಾರದು. ಅದರಲ್ಲಿ ಮದ್ಯದ ಜೊತೆ ಸೇರಿದರೆ ಮೈಗೆ ಒಗ್ಗದ ಡೈಸಲ್ಫಿರಾಮ್ ಎಂಬ ಔಷಧಿ ಇದ್ದರೆ, ತಿಳಿಯದೆ ಮತ್ತೆ ಕುಡಿದವರ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತಾಗಬಹುದು.

ಈಗ ಪುಸ್ತಕ ತೆರೆದ ಕೂಡಲೇ ಸಿಗುವುದು ಆ ಪುಟ. ಮುನ್ನುಡಿ, ಅರ್ಪಣೆ, ಪ್ರಕಾಶಕರ ಮಾತು ಎಲ್ಲ ಅದರ ಹಿಂದೆ. ಮದ್ಯದ ಚರಿತ್ರೆಯನ್ನು ತೆಗೆದುಹಾಕಿದಾಗ ಲೇಖಕರಿಗೆ ನೋವಾಯಿತು, ಆದರೆ ಅವರೇ ಸಂಘಕ್ಕೆ ಬಂದು ಕುಳಿತು ಕೇಳಿದ ಮೇಲೆ ಒಪ್ಪಿದರು.

ಅಂದಿನಿಂದ ಅಚ್ಚಿಗೆ ಮುಂಚೆ ಓದಿಸದೆ ಯಾವ ಪುಸ್ತಕವನ್ನೂ ಹೊರತಂದಿಲ್ಲ. ಮರೆವಿನ ಕಾಯಿಲೆಯ ಪುಸ್ತಕದಲ್ಲಿ "ಬೆಳಗಿನ ಜಾವ ಹೊರಗೆ ನಡೆದಾಡಿಸಿ" ಎಂಬ ಸಲಹೆ ಇತ್ತು. ಅಮ್ಮನನ್ನು ನೋಡಿಕೊಳ್ಳುತ್ತಿರುವ ಒಬ್ಬ ಬೆಳೆಗಾರರು ಆ ಸಾಲಿನ ಪಕ್ಕ "ಆನೆ" ಎಂದಷ್ಟೇ ಬರೆದು ಕಳುಹಿಸಿದರು. ಕಾಡಾನೆಗಳು ತೋಟದೊಳಗೇ ಬೀಡುಬಿಡುವ ಊರುಗಳಲ್ಲಿ ಅಲೆದಾಡುವ ಅಭ್ಯಾಸವಿರುವ ವೃದ್ಧರನ್ನು ಹೇಗೆ ಕಾಯಬೇಕು ಎಂಬ ಇಡೀ ಅಧ್ಯಾಯ ಅಲ್ಲಿಂದ ಹುಟ್ಟಿತು. ಗೇಟಿಗೆ ಗಂಟೆ, ಒಳಂಗಳದಲ್ಲಿ ನಡಿಗೆ, ಲೈನ್ ಮನೆಗಳ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳ, ಜನರಿಗೂ ನೆರೆಮನೆಯವರಿಗೂ ಮೊದಲೇ ಹೇಳಿಡುವುದು, ಇಂಥವು ಅದರಲ್ಲಿವೆ. ಮಕ್ಕಳೆಲ್ಲ ಬೆಂಗಳೂರು, ದುಬೈ ಸೇರಿ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯರಿಂದ ಅತಿ ಹೆಚ್ಚು ಪತ್ರಗಳು ಬಂದಿರುವುದು ಈ ಪುಸ್ತಕಕ್ಕೆ.

ಇನ್ನು ವ್ಯವಹಾರ. ಪ್ರತಿ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಉಚಿತವಾಗಿ ಸಿಗುತ್ತದೆ, ಅರ್ಜಿ ಆನ್‌ಲೈನ್‌ನಲ್ಲಿ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಕಾಗದಕ್ಕೆ ಇದೆ, ಅದನ್ನು ವಾಪಸು ಪಡೆಯುವ ದಾರಿ ನಮಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅನೇಕ ಕೈಪಿಡಿಗಳು ಮುಕ್ತ ಪರವಾನಗಿಯಲ್ಲಿರುವುದರಿಂದ, ಲಾಭಕ್ಕಾಗಿ ಮಾರದೆ, ಇದು ಸಂಸ್ಥೆಯೇ ಮಾಡಿದ ಅನುವಾದವಲ್ಲ ಎಂದು ನಮೂದಿಸಿ ಕನ್ನಡಿಸಬಹುದು. ಅಂಥವನ್ನು ನಾವು ಪುಕ್ಕಟೆ ಹಂಚುತ್ತೇವೆ. ಮೊದಲ ಮುದ್ರಣ 500 ಪ್ರತಿಗಿಂತ ಹೆಚ್ಚು ಮಾಡಿಸುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ದಾಸ್ತಾನು ಇಡುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಪುಟಗಳು ಅಲೆಯಾಗುತ್ತವೆ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಮಳೆ ನಿಂತ ಮೇಲೆ ಅಚ್ಚು ಹಾಕಿಸಿ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಾರುತ್ತೇವೆ. ಕೈಯಲ್ಲಿ ನಾಲ್ಕು ಕಾಸು ಓಡಾಡುವುದೂ ಆಗಲೇ. ಅಂಟಿನ ಬೈಂಡಿಂಗಿಗಿಂತ ನೂಲಿನ ಹೊಲಿಗೆ ನಮ್ಮ ಹವೆಗೆ ಒಗ್ಗುತ್ತದೆ.

ಮಾರಾಟಕ್ಕೆ ನಾವು ಹೆಚ್ಚಾಗಿ ನೆಚ್ಚಿಕೊಂಡಿರುವುದು ಔಷಧಿ ಅಂಗಡಿಗಳನ್ನು. ರಕ್ತದೊತ್ತಡದ ಮಾತ್ರೆಯ ಜೊತೆ ಅದೇ ಪೊಟ್ಟಣದೊಳಗೆ ಪುಸ್ತಕವೂ ಸೇರಿಕೊಂಡರೆ ಕೇಳುವವರು ಯಾರು? ಅಂಗಡಿಯವರಿಗೂ ರೋಗಿಗಳ ಗುಟ್ಟು ಕಾಯುವ ರೂಢಿ ಇದ್ದೇ ಇರುತ್ತದೆ. ಉಳಿದದ್ದು ಅಂಚೆಯಲ್ಲಿ. ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳುಹಿಸಲು ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಾಗ ಸಣ್ಣ ಪ್ರಕಾಶಕರಿಗೆಲ್ಲ ದಿಕ್ಕು ತೋಚದಂತಾಯಿತು. ಐವತ್ತು ರೂಪಾಯಿಯ ಕೈಪಿಡಿಗೆ ಅಷ್ಟೇ ಅಂಚೆ ವೆಚ್ಚವಾದರೆ ಕೊಳ್ಳುವವರು ಯಾರು? 2025ರ ಮೇ 1ರಿಂದ ಪುಸ್ತಕಗಳಿಗೆಂದೇ ಜ್ಞಾನ್ ಪೋಸ್ಟ್ ಎಂಬ ಅಂಚೆ ಸೇವೆ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಪೊಟ್ಟಣ ಎಲ್ಲಿದೆ ಎಂದು ನೋಡಲೂ ಬರುತ್ತದೆ. ನಮ್ಮ ಕೈಪಿಡಿಗಳ ತೂಕ 300 ಗ್ರಾಂ ದಾಟದಂತೆ ಪುಟಸಂಖ್ಯೆ, ಕಾಗದ ಎರಡನ್ನೂ ಈಗ ಮೊದಲೇ ಲೆಕ್ಕ ಹಾಕುತ್ತೇನೆ.

ಸದ್ಯ ಕೈಯಲ್ಲಿರುವುದು ಧ್ವನಿಮುದ್ರಣದ ಕೆಲಸ. ಲೈನ್ ಮನೆಗಳಲ್ಲಿ, ಬುಡಕಟ್ಟು ಜನರ ಹಾಡಿಗಳಲ್ಲಿ ಓದು ಬಾರದವರಿಗೆ ಪುಸ್ತಕದಿಂದ ಏನು ಉಪಯೋಗ? ಮೊಬೈಲ್ ಮಾತ್ರ ಹೆಚ್ಚುಕಡಿಮೆ ಎಲ್ಲ ಮನೆಯಲ್ಲಿದೆ, ಕಿವಿಗೆ ಹಾಕಿಕೊಂಡರೆ ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ಕುಡಿತದ ಪುಸ್ತಕದ ಮೊದಲ ಪುಟವನ್ನು ಕನ್ನಡದ ಜೊತೆಗೆ ಕೊಡವ ತಕ್ಕ್, ಅರೆಭಾಷೆ ಮತ್ತು ಯರವರ ಮಾತಿನಲ್ಲಿಯೂ ಓದಿಸಬೇಕೆಂದಿದ್ದೇವೆ. ಅದು ಗಂಡಿನ ದನಿಯಲ್ಲಿ ಇರಬೇಕೋ ಹೆಣ್ಣಿನ ದನಿಯಲ್ಲೋ ಎಂಬುದನ್ನು ಸಂಘದ ಹೆಂಗಸರೇ ಹೇಳಲಿ ಎಂದು ಬಿಟ್ಟಿದ್ದೇನೆ. ಕೊಯ್ಲು ಮುಗಿದ ಮೇಲೆ ಕೂರೋಣ ಎಂದಿದ್ದಾರೆ.