ಸ್ಪ್ಯಾನಿಷ್ ಊರಹೆಸರುಗಳ ಮೂಲವನ್ನು ಹುಡುಕುವ ಬಗೆ

ಒಂದೇ ಊರು ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ ಆಗುವುದನ್ನೂ, ಬದಿಯಡ್ಕ ಎಂಬ ಹೆಸರಿನ ಕೊನೆಯ 'ಅಡ್ಕ' ಏನೆಂದು ತಿಳಿಯಲು ತುಳು ಬಲ್ಲವರನ್ನೇ ಕೇಳಬೇಕಾಗುವುದನ್ನೂ ಕಾಸರಗೋಡಿನ ಕನ್ನಡಿಗರು ಚಿಕ್ಕಂದಿನಿಂದಲೇ ಬಲ್ಲರು. ಈ ತಿಳಿವು ಅಮೆರಿಕ ಖಂಡಗಳ ಭೂಪಟವನ್ನು ಓದುವುದಕ್ಕೂ ಒದಗುತ್ತದೆ. ಅಲ್ಲಿನ ಸ್ಪ್ಯಾನಿಷ್ ಹೆಸರುಗಳ ಮೂಲವನ್ನು ಮಕ್ಕಳೊಂದಿಗೆ ಅಟ್ಲಾಸ್ ಬಿಡಿಸಿ ಹುಡುಕಬಯಸುವ ನಮ್ಮ ಅಧ್ಯಾಪಕರಿಗಾಗಿ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರು ಸ್ಪ್ಯಾನಿಷೋ ಪೋರ್ಚುಗೀಸೋ ಎಂಬುದನ್ನು ನಿರ್ಧರಿಸಿಕೊಳ್ಳಿ. ಚಾವಿ, ಜನೇಲು, ಇಸ್ತ್ರಿ ಎಂಬ ಪದಗಳನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು; ಬ್ರೆಜಿಲ್‌ನ ಸಾವೊ ಪಾವ್ಲೊ ಕೂಡ ಅವರ ಭಾಷೆಯದೇ. ಅದೇ ಸಂತನ ಹೆಸರು ಸ್ಪ್ಯಾನಿಷ್‌ನಲ್ಲಿ ಸಾನ್ ಪಾಬ್ಲೊ ಆಗುತ್ತದೆ.

ಅನಂತರ ಹೆಸರಿನ ಮೊದಲ ತುಂಡನ್ನು ನೋಡಬೇಕು. ಎಲ್, ಲಾ, ಲೋಸ್, ಲಾಸ್ ಎಂಬ ಉಪಪದಗಳು (ಇಂಗ್ಲಿಷಿನ 'the' ಇದ್ದಂತೆ) ಮುಂದಿನ ನಾಮಪದದ ಲಿಂಗವನ್ನೂ ವಚನವನ್ನೂ ತಿಳಿಸುತ್ತವೆ. ಇಲ್ಲಿ ಕನ್ನಡದ ಓದುಗರಿಗೆ ವಿಶೇಷವಾದ ಒಂದು ತೊಡಕಿದೆ: ಈ ಹೆಸರುಗಳು ಇಂಗ್ಲಿಷಿನ ಉಚ್ಚಾರದ ಮೂಲಕ ನಮಗೆ ಬಂದಿರುವುದರಿಂದ ಲೋಸ್ ಮತ್ತು ಲಾಸ್ ಎರಡೂ ನಮ್ಮ ಪತ್ರಿಕೆಗಳಲ್ಲಿ 'ಲಾಸ್' ಎಂದೇ ಅಚ್ಚಾಗುತ್ತವೆ. ಲಾಸ್ ವೇಗಾಸ್ ನಿಜವಾಗಿಯೂ ಸ್ತ್ರೀಲಿಂಗ ಬಹುವಚನ. ಮರುಭೂಮಿಯ ನಡುವೆ ಒರತೆಗಳಿಂದ ಹಸಿರಾಗಿದ್ದ ಹುಲ್ಲುಗಾವಲುಗಳಿಂದ ಆ ಹೆಸರು ಬಂತು. ಲಾಸ್ ಏಂಜಲೀಸ್ ಮಾತ್ರ ಮೂಲದಲ್ಲಿ 'ಲೋಸ್ ಆಂಹೆಲೆಸ್', ಎಂದರೆ ದೇವದೂತರು. 1781ರಲ್ಲಿ ಸ್ಥಾಪನೆಯಾದ 'ದೇವದೂತರ ರಾಣಿಯ ಊರು' ಎಂಬ ಉದ್ದ ಹೆಸರಿನ ಬಾಲವಷ್ಟೇ ಅದರಲ್ಲಿ ಉಳಿದಿದೆ. ಆದ್ದರಿಂದ ರೋಮನ್ ಲಿಪಿಯ ಮೂಲ ಕಾಗುಣಿತವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕಬಾರದು.

ಸಾನ್ ಅಥವಾ ಸಾಂತಾ ಎಂದು ಆರಂಭವಾಗುವ ಹೆಸರು ಎದುರಾದರೆ ಕ್ಯಾಥೊಲಿಕ್ ಹಬ್ಬಗಳ ಪಂಚಾಂಗವನ್ನು ತೆರೆಯಿರಿ, ಏಕೆಂದರೆ ಸ್ಪೇನಿನ ನಾವಿಕರೂ ಪಾದ್ರಿಗಳೂ ತಾವು ತಲುಪಿದ ದಿನ ಯಾವ ಸಂತನ ಹಬ್ಬವೋ ಆ ಹೆಸರನ್ನೇ ಅನೇಕ ಕಡೆ ನೆಲಕ್ಕೆ ಇಟ್ಟರು. 1691ರ ಜೂನ್ 13ರಂದು, ಪಾದುವದ ಸಂತ ಅಂತೋನಿಯವರ ಹಬ್ಬದ ದಿನ, ಒಂದು ತಂಡ ತಲುಪಿದ ನದಿ ಸಾನ್ ಅಂತೋನಿಯೊ ಎನಿಸಿಕೊಂಡಿತು; ಅದರ ದಡದ ನಗರವೂ ಅದೇ ಹೆಸರನ್ನು ಪಡೆಯಿತು. 1513ರಲ್ಲಿ ಸ್ಪೇನಿನ ಅನ್ವೇಷಕ ಪೋನ್ಸೆ ದೆ ಲಿಯೋನ್ ಈಸ್ಟರ್ ಕಾಲದಲ್ಲಿ ಕಂಡ ಕರಾವಳಿಗೆ ಫ್ಲೋರಿಡಾ ಎಂದು ಹೆಸರಿಟ್ಟದ್ದರ ಹಿಂದೆಯೂ 'ಹೂವಿನ ಈಸ್ಟರ್' ಎಂಬ ಹಬ್ಬದ ಹೆಸರಿದೆ. ಇಂಥಲ್ಲಿ ಒಂದು ತಾರೀಖು ಎಷ್ಟೋ ಊಹೆಗಳನ್ನು ತಳ್ಳಿಹಾಕುತ್ತದೆ. ಆದರೆ ಹೆಸರಿಟ್ಟವನೇ ಕೊನೆಯವನಲ್ಲ: 1542ರಲ್ಲಿ ಕಾಬ್ರಿಯೊ ಎಂಬ ನಾವಿಕ ಸಾನ್ ಮಿಗೆಲ್ ಎಂದು ಕರೆದ ಬಂದರನ್ನು 1602ರಲ್ಲಿ ವಿಸ್ಕಾಯಿನೊ ಎಂಬ ಇನ್ನೊಬ್ಬ ನಾವಿಕ ಸಾನ್ ದಿಯೆಗೊ ಎಂದು ಬದಲಾಯಿಸಿದ. ಸಾಂತಾ ಇದ್ದಲ್ಲೆಲ್ಲ ಸಂತಳೊಬ್ಬಳನ್ನು ಹುಡುಕಲೂ ಬಾರದು. ಸಾಂತಾ ಫೆ ಎಂದರೆ ಪವಿತ್ರ ವಿಶ್ವಾಸ, ಸಾಂತಾ ಕ್ರೂಸ್ ಎಂದರೆ ಪವಿತ್ರ ಶಿಲುಬೆ.

ನೆಲದ ರೂಪವನ್ನು ಹೇಳುವ ಹೆಸರುಗಳು ಸುಲಭ. ನೆವಾಡ ಹಿಮ ಕವಿದದ್ದು, ಕೊಲೊರಾಡೊ ಕೆಂಬಣ್ಣದ್ದು; ಎರಡೂ ಮೊದಲು ಬೆಟ್ಟಸಾಲಿನ ಮತ್ತು ನದಿಯ ಹೆಸರುಗಳಾಗಿದ್ದು ಆಮೇಲೆ ರಾಜ್ಯಗಳಿಗೆ ಹಬ್ಬಿದವು.

ಅತ್ಯಂತ ಎಚ್ಚರ ಬೇಕಾದ ಹಂತ ಇನ್ನು ಮುಂದಿನದು. ಸ್ಪ್ಯಾನಿಷಿನಂತೆ ಕೇಳಿಸುವ ಹೆಸರಿನ ಕೆಳಗೆ ಬೇರೊಂದು ಭಾಷೆ ಇದೆಯೇ ಎಂದು ಪ್ರತಿಸಲವೂ ಕೇಳಿಕೊಳ್ಳಿ. ಮೆಕ್ಸಿಕೊದ ಗ್ವಾದಲಹಾರ ಸ್ಪೇನಿನ ಅದೇ ಹೆಸರಿನ ಊರಿನಿಂದ ಬಂದದ್ದು, ಆ ಊರಿನ ಹೆಸರೋ 'ಕಲ್ಲುಗಳ ಕಣಿವೆ' ಎಂಬ ಅರ್ಥದ ಅರಬ್ಬಿ ಮಾತು. ಸ್ಪೇನಿನ ನದಿಗಳ ಹೆಸರಿನ ಆರಂಭದಲ್ಲಿ 'ಗ್ವಾದ್' ಕಂಡರೆ ಬಹುಮಟ್ಟಿಗೆ ಅರಬ್ಬಿಯ 'ವಾದಿ'ಯನ್ನು ನೆನೆಯಬಹುದು. ಟೆಕ್ಸಾಸ್ ಎಂಬುದು ಗೆಳೆಯರು ಎಂಬ ಅರ್ಥದ, ಅಲ್ಲಿನ ಮೂಲನಿವಾಸಿಗಳಾದ ಕ್ಯಾಡೊ ಜನರ ಮಾತು. ಸ್ಪ್ಯಾನಿಯರು ಅದನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಬರೆದಿಟ್ಟರು. ಅಡ್ಕ ಎಂಬ ತುಳು ಪದಕ್ಕೆ ಬೇರೆ ಭಾಷೆಯ ಅರ್ಥವನ್ನು ಅಂಟಿಸಿದರೆ ನಮಗೆ ಎಷ್ಟು ನೋವಾಗುತ್ತದೋ, ಕ್ಯಾಡೊ ಜನರ ಮಾತನ್ನು ಸ್ಪ್ಯಾನಿಷಿನ ಲೆಕ್ಕಕ್ಕೆ ಬರೆಯುವುದೂ ಅಷ್ಟೇ ಅನ್ಯಾಯ.

ಅರಿಝೋನ ಎಂಬುದು 'ಆರಿದಾ ಸೋನಾ', ಅಂದರೆ ಒಣ ಪ್ರದೇಶ, ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಆದರೆ ಸ್ಪ್ಯಾನಿಷಿನಲ್ಲಿ ಇಂಥ ವಿಶೇಷಣ ಸಾಮಾನ್ಯವಾಗಿ ನಾಮಪದದ ನಂತರ ಬರುವುದರಿಂದ 'ಸೋನಾ ಆರಿದಾ' ಎಂದಿರಬೇಕಿತ್ತು. ವಿದ್ವಾಂಸರ ಮುಂದೆ ಇರುವ ಎರಡು ವಿವರಣೆಗಳಲ್ಲಿ ಒಂದು ಅಲ್ಲಿನ ಮೂಲನಿವಾಸಿಗಳಾದ ಓಓಧಮ್ ಜನರ ಭಾಷೆಯ 'ಚಿಕ್ಕ ಒರತೆ', ಇನ್ನೊಂದು ಉತ್ತರ ಸ್ಪೇನಿನ ಬಾಸ್ಕ್ ಭಾಷೆಯ 'ಒಳ್ಳೆಯ ಓಕ್ ಮರ'. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಎರಡನ್ನೂ ಬರೆದು, ಪ್ರತಿಯೊಂದರ ಪಕ್ಕದಲ್ಲಿ ಅದಕ್ಕಿರುವ ಆಧಾರವನ್ನು ಗುರುತು ಮಾಡಿಡಿ.